ಹಲಸಿನ ಹೊಟ್ಟು ತಿಂದ ಮರಿಗಳು

ಕೋಳಿಮರಿಗೆ ತಾಯಿ ಬೇಕೇ ಬೇಕು ಎನ್ನುವವರು ನನ್ನ ಎದುರು ಆ ಮಾತು ಆಡಬಾರದು. ನಾನು ಹುಟ್ಟಿದ ವರ್ಷವೇ ತಾಯಿಯನ್ನು ಕಳೆದುಕೊಂಡವಳು. ಬೆಳೆದೆ, ಓದಿದೆ, ಮದುವೆಯಾಗಿ ದಾಸನಕೊಪ್ಪಕ್ಕೂ ಬಂದೆ. ಆದರೆ ನಮ್ಮತ್ತೆ ದ್ಯಾವಮ್ಮನ ಬಾಯಿಗೆ ಬೀಗ ಹಾಕುವವರು ಯಾರು? ಶಿರಸಿಯಿಂದ ಒಂದು ಪೆಟ್ಟಿಗೆ ಮರಿ ತಂದಿಳಿಸಿದ ಕೂಡಲೇ ಬಗ್ಗಿ ನೋಡಿ, "ತಾಯಿಲ್ಲದ ಮರಿ ಉಳಿಯೂದಿಲ್ಲ ಕಾವ್ಯಾ, ಸುಮ್ನ ದಂಡ" ಅಂದರು.

ಆ ಮರಿಗಳು ನನ್ನವು. ಈ ಮನೆಯಲ್ಲಿ ಹಸು ಅತ್ತೆಯದು, ಗದ್ದೆ ಬಾವನದು, ಲಾರಿ ಓಡಿಸುವ ನನ್ನ ಗಂಡ ಲಾರಿಗೇ ಸೇರಿದವನು. ನನ್ನದು ಅಂತ ಹೇಳಿಕೊಳ್ಳಲು ಮೊದಲ ಸಲ ಏನೋ ಒಂದು ಬಂದಿತ್ತು. ಅದನ್ನು ಬಿಟ್ಟುಕೊಡುವ ಪೈಕಿ ನಾನಲ್ಲ.

ಮರಿಗಳ ಹಾಸಿಗೆಗೆಂದು ಬಾವ ನಾಗಪ್ಪ ಕಟ್ಟಿಗೆ ಮಿಲ್ಲಿನಿಂದ ಹಲಸಿನ ಮರ ಕೊಯ್ದ ಹೊಟ್ಟು ತಂದುಕೊಟ್ಟರು. ಹಳದಿ ಬಣ್ಣ, ಮೆತ್ತಗಿತ್ತು, ವಾಸನೆಯೂ ಚೆಂದ. ತಿನ್ನಲು ಗೋವಿನಜೋಳದ ನುಚ್ಚು. ಅದನ್ನು ತಟ್ಟೆಗೆ ಹಾಕಹೊರಟಾಗ ಅತ್ತೆ ತಡೆದರು.

"ತಾಟಿನ್ಯಾಗ ಇಟ್ರ ಮರಿ ಕೆದರೂದು ಕಲಿಯೂದಿಲ್ಲ. ಕೆಳಗ ಚೆಲ್ಲು."

ನಮ್ಮ ಕಡೆ ಎಲ್ಲರೂ ಚೆಲ್ಲುವುದೇ. ನಾನೂ ಹೊಟ್ಟಿನ ಮೇಲೆ ಚೆಲ್ಲಿದೆ.

ಮರಿಗಳು ಹಗಲೆಲ್ಲ ಕುಟುಕುತ್ತಿದ್ದವು. ಕುತ್ತಿಗೆಯ ಬುಡದ ಕಾಳಿನ ಚೀಲ ಯಾವಾಗಲೂ ಉಬ್ಬಿರುತ್ತಿತ್ತು. ಆದರೂ ಒಂದೊಂದಾಗಿ ರೆಕ್ಕೆ ಜೋಲುಬಿಟ್ಟು, ಕಣ್ಣು ಮುಚ್ಚಿ, ಬೆಚ್ಚಗಿರಲೆಂದು ಹಾಕಿದ್ದ ಬಲ್ಬಿನ ಕೆಳಗೇ ಸಾಯತೊಡಗಿದವು. ನನಗೆ ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಿರಲಿಲ್ಲ.

ಅತ್ತೆ ಕಾಯಿ ಹಿಡಿದು ಚೌಡಮ್ಮನ ಕಟ್ಟೆಗೆ ಹೋಗಿ ಬಂದರು. "ಉಳಿದಾವು ಬದುಕಿದ್ರ ಒಂದು ಹುಂಜ ಕೊಡ್ತೀನಿ ಅಂತ ಹೇಳ್ಕೊಂಡ ಬಂದೀನಿ. ನಾಗಪ್ಪಾ, ಪೆಟಗಿ ಎತ್ತು. ಮೂಲಿಮನಿಯಾಗ ಕಾವಿಗೆ ಕುಂತ ಕೋಳಿ ಐತಿ, ಅದರ ಹೊಟ್ಟಿ ಕೆಳಗಾದ್ರೂ ಬದುಕ್ಲಿ."

ಬಾವ ಪೆಟ್ಟಿಗೆ ಎತ್ತಿಯೇಬಿಟ್ಟರು. ನಾನು ಹೊಸ್ತಿಲ ಮೇಲೆ ಕೂತೆ.

"ಇಳಸ್ರಿ ಬಾವಾರ. ಎಲ್ಲಾ ಸತ್ರೂ ನನ್ನ ಕಣ್ಣಮುಂದನ ಸಾಯ್ಲಿ. ತಾಯಿಲ್ಲದ್ದಕ್ಕ ಸಾಯಂಗಿದ್ರ ನಾ ಎಂದೋ ಸಾಯಬೇಕಿತ್ತು."

ಬಾವ ಪೆಟ್ಟಿಗೆಯನ್ನು ಕೆಳಗಿಟ್ಟರು. ಚೀಲ ಉಬ್ಬಿದ್ದರೂ ಯಾಕೆ ಸಾಯುತ್ತವೆಂದು ನೋಡಲು, ಅವತ್ತು ಬೆಳಿಗ್ಗೆ ಸತ್ತಿದ್ದ ಮರಿಯೊಂದನ್ನು ಅಂಗಳಕ್ಕೆ ಒಯ್ದು, ಬ್ಲೇಡಿನಿಂದ ಅದರ ಕಾಳಿನ ಚೀಲ ಸೀಳಿದೆ. ಒಳಗೆ ಹಲಸಿನ ಹೊಟ್ಟು ಉಂಡೆಗಟ್ಟಿ ಗಟ್ಟಿಯಾಗಿತ್ತು. ನುಚ್ಚು ಹುಡುಕಿದರೂ ಸಿಗದಷ್ಟು. ಹೊಟ್ಟೂ ಹಳದಿ, ನುಚ್ಚೂ ಹಳದಿ. ಆಗತಾನೆ ಕಣ್ಣು ಬಿಟ್ಟ ಮರಿಗೆ ಏನು ಗೊತ್ತು? ಹೊಟ್ಟೆ ತುಂಬ ತಿಂದು ಹಸಿವಿನಿಂದ ಸತ್ತಿದ್ದವು.

"ಅತ್ತಿ, ಇಲ್ಲಿ ನೋಡ್ರಿ. ಇವು ಹೊಟ್ಟು ತಿಂದು ಸತ್ತಾವ."

ಅತ್ತೆ ನೋಡಿದರು, ಮುಖ ತಿರುಗಿಸಿದರು.

ಹಲಸಿನ ಹೊಟ್ಟನ್ನೆಲ್ಲ ಬಾಚಿ ತಿಪ್ಪೆಗೆ ಸುರಿದೆ. ಅಕ್ಕಿ ಗಿರಣಿಗೆ ಹೋಗಿ ದಪ್ಪ ಭತ್ತದ ಹೊಟ್ಟು ತಂದು ಹಾಸಿದೆ. ಮರಿಗಳು ಅದಕ್ಕೂ ಬಾಯಿ ಹಾಕಬಾರದೆಂದು ಮೇಲೆ ಗೋಣಿತಾಟು ಹೊದಿಸಿ, ಒದ್ದೆಯಾದಂತೆಲ್ಲ ಬದಲಾಯಿಸಿದೆ. ನುಚ್ಚು ತಟ್ಟೆಯಲ್ಲೇ ಇಟ್ಟೆ. ಸೊರಗಿದವಕ್ಕೆ ಬೇಯಿಸಿದ ಮೊಟ್ಟೆ ಪುಡಿ ಮಾಡಿ ತಿನ್ನಿಸುತ್ತಿದ್ದರೆ ಅತ್ತೆ ಬಾಗಿಲಲ್ಲಿ ನಿಂತು, "ಕೋಳಿಗೆ ಕೋಳಿ ತತ್ತಿನ? ಎಂಥಾ ಕಾಲ ಬಂತವ್ವ" ಅಂದರು.

"ನಿಮ್ಮ ಕರಿ ಕೋಳಿ ತಾ ಇಟ್ಟ ತತ್ತಿ ತಾನ ಒಡದ ಕುಡೀತೈತಿ. ಅದನ್ನ ಯಾರೂ ಕೇಳ್ಲಿಲ್ಲಲ್ರಿ."

ಕೈಮೀರಿದ ಕೆಲವು ಮರಿಗಳು ಹೋದವು. ನಾನು ಗೋಣಿತಾಟು ತೆಗೆದ ಮೇಲೆ ಉಳಿದವು ಹೊಟ್ಟನ್ನು ಕೆದರಿ ನನ್ನ ಮುಖಕ್ಕೇ ಎರಚಿದವು. ಕೆದರುವುದನ್ನು ಯಾರೂ ಕಲಿಸಿರಲಿಲ್ಲ. ಅವತ್ತು ಮಾತ್ರ ಗೋಡೆಗೆ ಒರಗಿ ಕೂತು ಚೆನ್ನಾಗಿ ಅತ್ತುಬಿಟ್ಟೆ.

ಮರಿಗಳು ಬೆಳೆದು ಹುಂಜಗಳ ಜುಟ್ಟು ಕೆಂಪೇರಿದಾಗ ಅತ್ತೆ ಬುಟ್ಟಿ ಹಿಡಿದು ಬಂದರು.

"ದೊಡ್ಡದೊಂದು ಹಿಡಿ. ಚೌಡಮ್ಮನ ಹರಕಿ ತೀರಸಬೇಕು."

"ಹರಕಿ ಹೊತ್ತವರು ಯಾರ್ರಿ?"

"ನಾ."

"ಹಂಗಾರ ನಿಮ್ಮ ಹುಂಜ ಕೊಡ್ರಿ."

ಅತ್ತೆಯ ಕೆಂಪು ಹುಂಜ ಕೇರಿಗೆಲ್ಲ ದೊಡ್ಡದು. ಅದನ್ನು ಮೊಮ್ಮಗನ ಹಾಗೆ ಸಾಕಿದ್ದರು.

"ಉಳಿದದ್ದು ನಿನ್ನ ಮರಿ ಅಲ್ಲನು?"

"ಉಳಿಸಿದಾಕಿನೂ ನಾನ. ನಾ ಯಾರಿಗೂ ಏನೂ ಹೇಳ್ಕೊಂಡಿಲ್ಲ."

ಬಾವ ಕೆಮ್ಮಿ ಹಿತ್ತಲಿಗೆ ಜಾರಿಕೊಂಡರು. ಅತ್ತೆ ನನ್ನನ್ನು ನುಂಗುವ ಹಾಗೆ ನೋಡಿದರು. ನಾನೂ ಕಣ್ಣು ಕೆಳಗೆ ಹಾಕಲಿಲ್ಲ. ಆದರೆ ದೇವರಿಗೆ ಆಡಿದ ಮಾತು ತಪ್ಪುವ ಹೆಂಗಸಲ್ಲ ಅವರು. ತಮ್ಮ ಹುಂಜವನ್ನೇ ಹಿಡಿದು, ಬುಟ್ಟಿಗೆ ಹಾಕಿ, ದಾರಿಯುದ್ದಕ್ಕೂ ನನ್ನನ್ನು ಬೈಯುತ್ತ ಕಟ್ಟೆಗೆ ನಡೆದರು.

ಅವತ್ತಿನ ಸಾರು ಬಹಳ ಚೆನ್ನಾಗಿತ್ತು. ನಾನು ಎರಡು ಸಲ ಹಾಕಿಸಿಕೊಂಡೆ. ಬಡಿಸಿದ್ದು ಅತ್ತೆಯೇ.