ಹಗೇವಿನೊಳಗಿನ ನಾಲ್ಕು ಸೆಕೆಂಡು

ಮೂವತ್ತೆರಡು ವರ್ಷದಿಂದ ಬೆಟಗೇರಿಯಲ್ಲಿ ಟಿ.ವಿ. ರಿಪೇರಿ ಮಾಡುತ್ತಿದ್ದೇನೆ. ಇಷ್ಟು ವರ್ಷಗಳಲ್ಲಿ ಕೆಟ್ಟ ಟಿ.ವಿ.ಗಳಿಗಿಂತ ಟಿ.ವಿ. ನಂಬಿ ಕೆಟ್ಟ ಜನರನ್ನೇ ಹೆಚ್ಚು ನೋಡಿದ್ದೇನೆ. ಅವರಲ್ಲಿ ಮೊದಲನೆಯವನು ಬೆಳ್ಳಟ್ಟಿಯ ಹುಚ್ಚೀರಪ್ಪ. ತಲೆಯ ಮೇಲೆ ಹನಿ ಬೀಳುತ್ತಿದ್ದರೂ ಟಿ.ವಿ.ಯಲ್ಲಿ ಮಳೆ ಅನ್ನುವ ತನಕ ಅಂಗಳದಲ್ಲಿ ಒಣಹಾಕಿದ ಮೆಣಸಿನಕಾಯಿ ಎತ್ತುವ ಪೈಕಿ ಅಲ್ಲ. ನನ್ನ ಹಳೆಯ ಗಿರಾಕಿ, ಹಳೆಯ ಗೆಳೆಯ. ಅದಕ್ಕೇ ಹೀಗೆ ಹೇಳುವ ಸಲಿಗೆ ನನಗಿದೆ.

ಅವನ ಹೆಂಡತಿ ನೀಲಗಂಗವ್ವನದು ಮೂರು ವರ್ಷದಿಂದ ಒಂದೇ ತಕರಾರು: ಅಡುಗೆಮನೆಯ ನೆಲ ಟೊಳ್ಳು. ಒಳಕಲ್ಲಿನಲ್ಲಿ ಚಟ್ನಿ ಕುಟ್ಟಿದರೆ ಕೆಳಗಿನಿಂದ ಢಬ್ ಢಬ್ ಎಂದು ಸಪ್ಪಳ ಬರುತ್ತದೆ, ಎರಡು ಟೈಲ್ಸ್ ತಗ್ಗಾಗಿವೆ, ಇವತ್ತಲ್ಲ ನಾಳೆ ತಾನು ರೊಟ್ಟಿ ಬುಟ್ಟಿಯ ಸಮೇತ ಭೂಮಿಯೊಳಗೆ ಹೋಗುತ್ತೇನೆ ಅನ್ನುತ್ತಿದ್ದಳು. ಆದರೆ ಆ ಟೈಲ್ಸನ್ನು ಗದಗಿನಲ್ಲಿ ನಾಲ್ಕು ಅಂಗಡಿ ತಿರುಗಿ ಆರಿಸಿ ತಂದು, ಮುಂದೆ ನಿಂತು ಕೂಡಿಸಿದವನು ಹುಚ್ಚೀರಪ್ಪ. ಹೀಗಾಗಿ ನೆಲ ಟೊಳ್ಳಾಗಲು ಸಾಧ್ಯವೇ ಇರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಕಟ್ಟಿಕೊಂಡವಳ ಮಾತೂ ಹಾಗೆಯೇ. ನನಗೆ ಇದು ಕೇಳಿದಾಗಲೆಲ್ಲ ಮೈಯುರಿಯುತ್ತಿತ್ತು.

ಆಕೆಯ ಹೆದರಿಕೆಗೆ ಕಾರಣವಿತ್ತು. ಅವರ ಅಂಗಳದಲ್ಲಿ ಒಂದು ಹಳೆಯ ಹಗೇವು ಇದೆ. ಹಿಂದಿನವರು ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಖೋಲಿಯಷ್ಟು. ಬಾಯಿಗೆ ಕಲ್ಲು ಮುಚ್ಚಿ ನಲವತ್ತು ವರ್ಷವಾಗಿದೆ. ಅಂಗಳದ ಮೂಡಣಕ್ಕೆ ಹುಚ್ಚೀರಪ್ಪನ ಮನೆ, ಪಡುವಣಕ್ಕೆ ಅವನ ತಮ್ಮ ನಿಜಲಿಂಗಪ್ಪನ ಮನೆ. ಹಗೇವಿನ ಹೊಟ್ಟೆ ಯಾವ ಕಡೆ ಚಾಚಿದೆಯೋ ಯಾರಿಗೂ ಗೊತ್ತಿಲ್ಲ. ಒಳಗೆ ಜೋಳವಿದ್ದ ಕಾಲದಲ್ಲಿ ಇದ್ದವರೆಲ್ಲ ಅದು ನಮ್ಮ ಕಡೆಗಿದೆ ಅನ್ನುತ್ತಿದ್ದರಂತೆ. ಈಗ ಅಣ್ಣ ತಮ್ಮ ಇಬ್ಬರೂ ಅದು ನಿನ್ನ ಕಡೆಗಿದೆ ಅನ್ನುತ್ತಾರೆ. ಇಳಿದು ನೋಡೋಣವೆಂದರೆ ಮುಚ್ಚಿದ ಹಗೇವಿನ ಗಾಳಿ ಕೆಟ್ಟದ್ದು. ಕಂದೀಲು ಇಳಿಬಿಟ್ಟರೆ ಅರ್ಧಕ್ಕೇ ಆರುತ್ತದೆ, ಮನುಷ್ಯನೂ ಹಾಗೆಯೇ ಆರುತ್ತಾನೆ.

ಇಂಥದರಲ್ಲಿ ನನ್ನ ಮಗಳು ತಬಸ್ಸುಮ ಪಾಲಿಟೆಕ್ನಿಕ್ಕಿನ ಕೊನೆಯ ವರ್ಷಕ್ಕೆಂದು ಒಂದು ರೋಬೋ ಗಾಡಿ ಮಾಡಿದಳು. ಚಪ್ಪಲಿ ಡಬ್ಬಿಯಷ್ಟು ಗಾತ್ರ, ನಾಲ್ಕು ಗಾಲಿ, ಮುಂದೆ ದೀಪ, ದೀಪದ ಮೇಲೊಂದು ಕ್ಯಾಮರಾ. ಫೋನಿನಿಂದ ಓಡಿಸಿದರೆ ಅದು ಕಂಡದ್ದೆಲ್ಲ ವೈಫೈಯಲ್ಲಿ ಲ್ಯಾಪ್‌ಟಾಪಿಗೆ ಬಂದು, ಅಲ್ಲಿಂದ ವೈರಿನಲ್ಲಿ ಟಿ.ವಿ.ಗೆ ಹೋಗುತ್ತದೆ. ಒಂದು ದಿನ ಹುಚ್ಚೀರಪ್ಪ ಅಂಗಡಿಗೆ ಬಂದಾಗ ಗಾಡಿ ಅವನ ಕುರ್ಚಿಯ ಕೆಳಗೆ ಹೊಕ್ಕು, ಅವನದೇ ಹರಿದ ಚಪ್ಪಲಿಯನ್ನು ಗೋಡೆಯ ದೊಡ್ಡ ಟಿ.ವಿ.ಯಲ್ಲಿ ತೋರಿಸಿತು. ಅವನು ಎದ್ದುನಿಂತು ಟಿ.ವಿ.ಗೆ ಕೈ ಮುಗಿದ.

“ಸಾಬ್ರ, ಇದನ್ನ ನಮ್ಮ ಹಗೇವಿನ್ಯಾಗ ಇಳಸೂಣ್ರಿ. ಟಿವ್ಯಾಗ ಬಂತಂದ್ರ ಆಕಿ ಬಾಯಿ ಮುಚ್ಚತೈತಿ.”

“ಆಕಿ ಹೇಳಿದ್ದ ಖರೆ ಅಂತ ಬಂದ್ರ?” ಎಂದೆ.

“ಹೆಂಗ ಬರತೈತ್ರಿ? ಹೊಟ್ಟಿ ಪಡುವಲಕ ಐತಿ ಅಂತ ನಮ್ಮಜ್ಜ ಹೇಳ್ಯಾನ.”

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಇಂಥವನ ಮುಂದೆ ಮಾತು ದಂಡ.

ಮುಂದಿನ ಭಾನುವಾರ ಮುಂಜಾನೆ ನಾನೂ ತಬಸ್ಸುಮಳೂ ಬೆಳ್ಳಟ್ಟಿಗೆ ಹೋದೆವು. ಹುಚ್ಚೀರಪ್ಪ ಟಿ.ವಿ.ಯನ್ನು ಹೊರಗೆ ತಂದು ಕಟ್ಟೆಯ ಮೇಲಿಟ್ಟು, ಅದಕ್ಕೆ ಎದುರಾಗಿ ಒಂದೇ ಒಂದು ಕುರ್ಚಿ ಹಾಕಿಕೊಂಡು ಕುಳಿತಿದ್ದ. ಓಣಿಯ ಜನ ಅವನ ಹಿಂದೆ ನಿಂತಿದ್ದರು. ತಬಸ್ಸುಮ ಗಾಡಿಗೆ ಹಗ್ಗ ಕಟ್ಟುತ್ತ ಹೇಳಿದಳು:

“ಕಾಕಾರ, ಒಂದ್ ಮಾತು ನೆನಪಿಡ್ರಿ. ಒಳಗ ಸಿಗ್ನಲ್ ಕಮ್ಮಿ. ಟಿವ್ಯಾಗ ಕಾಣೂದು ನಾಕು ಸೆಕೆಂಡ್ ಹಿಂದ ಆಗಿದ್ದು.”

“ಲೈವ್ ಅಂದಿದ್ದೆಲ್ಲವಾ?”

“ಲೈವ್ ಖರೇನ ರಿ. ನಾಕು ಸೆಕೆಂಡ್ ತಡಾ, ಅಷ್ಟ.”

“ಬಿಡವಾ, ನಾಕು ಸೆಕೆಂಡ್ನ್ಯಾಗ ಯಾವ ಊರು ಮುಳುಗತೈತಿ?”

ಕಲ್ಲು ಸರಿಸಿ ಗಾಡಿಯನ್ನು ಇಳಿಬಿಟ್ಟೆವು. ಹಗ್ಗದಲ್ಲಿ ಅದು ಗರಗರ ತಿರುಗುತ್ತ ಇಳಿಯಿತು. ಸ್ವಲ್ಪ ಹೊತ್ತಿಗೆ ಟಿ.ವಿ.ಯಲ್ಲಿ ಮಣ್ಣಿನ ಗೋಡೆ, ಒಂದಿಷ್ಟು ಕಪ್ಪಾದ ಜೋಳದ ಹೊಟ್ಟು ಕಂಡಿತು. ಜನ ಹೋ ಎಂದರು.

“ಮೂಡಲಕ ಹೊಳ್ಳಸವಾ,” ಎಂದ ಹುಚ್ಚೀರಪ್ಪ.

“ಎಡಕ್ಕೋ ಬಲಕ್ಕೋ ಹೇಳ್ರಿ ಕಾಕಾರ.”

“ಎಡಾ ಬಲಾ ನಾವು ಹೊಳ್ಳಿದಂಗ ಹೊಳ್ಳತಾವು. ಮೂಡಲ ಎಲ್ಲೆರ ಹೊಳ್ಳತೈತೇನು? ಮೂಡಲಕಂದ್ರ ಮೂಡಲಕ!”

ಮಾತೇನೋ ನ್ಯಾಯವಾದದ್ದೇ. ಆದರೆ ಹಗ್ಗದಲ್ಲಿ ಹನ್ನೆರಡು ಸುತ್ತು ತಿರುಗಿದ ಗಾಡಿಗೆ ಮೂಡಣ ಯಾವುದೆಂದು ಹೇಳುವವರು ಯಾರು? ಟಿ.ವಿ.ಯಲ್ಲಿ ಒಂದು ಕಡೆಯ ಗೋಡೆ ಹತ್ತಿರವಿತ್ತು, ಇನ್ನೊಂದು ಕಡೆ ಗುಹೆಯಂತೆ ದೂರ ಹೋಗಿತ್ತು. ದೂರ ಹೋದದ್ದು ಪಡುವಲ ಎಂದು ಅಣ್ಣ, ಮೂಡಲ ಎಂದು ತಮ್ಮ. ನಿಜಲಿಂಗಪ್ಪ ಟಿ.ವಿ.ಯ ಹತ್ತಿರ ಬಂದು ಪರದೆಯ ಮೇಲೆ ಬೆರಳಿಟ್ಟು, “ಇದು ನಿನ್ನ ಅಡಗಿಮನಿ,” ಎಂದ. ಹುಚ್ಚೀರಪ್ಪ ಅದೇ ಜಾಗಕ್ಕೆ ಬೆರಳಿಟ್ಟು, “ಇದು ನಿನ್ನ ದನದ ಕೊಟ್ಟಿಗಿ,” ಎಂದ. ಪರದೆ ಒರೆಸುವ ಕೆಲಸ ಮಾತ್ರ ನನ್ನದಾಯಿತು.

ಕಡೆಗೆ ತಬಸ್ಸುಮ ಒಂದು ಉಪಾಯ ಹೇಳಿದಳು. ದೂರದ ಕಡೆಗೆ ಗಾಡಿ ನಿಲ್ಲಿಸುತ್ತೇನೆ. ಎರಡೂ ಮನೆಯವರು ಸರದಿಯಂತೆ ನೆಲಕ್ಕೆ ಕುಟ್ಟಲಿ. ಯಾರು ಕುಟ್ಟಿದಾಗ ಮಣ್ಣು ಉದುರುತ್ತದೆಯೋ ಹೊಟ್ಟೆ ಅವರ ಕೆಳಗೆ. ಎಲ್ಲರೂ ಒಪ್ಪಿದರು. ಮೊದಲು ಆ ಕಡೆ ನಿಜಲಿಂಗಪ್ಪನ ಹೆಂಡತಿ ಭಾಗ್ಯಾ ಕುಟ್ಟಿದಳು. ಆಮೇಲೆ ಈ ಕಡೆ ನೀಲಗಂಗವ್ವ ಒನಕೆ ಹಾಕಿದಳು. ಟಿ.ವಿ.ಯಲ್ಲಿ ಏನೂ ಆಗಲಿಲ್ಲ. ತಡೆಯಲಾರದೆ ಭಾಗ್ಯಾ ಮತ್ತೆ ಶುರು ಮಾಡಿದಳು. ಅಷ್ಟರಲ್ಲಿ ಟಿ.ವಿ.ಯಲ್ಲಿ ಬುಳಬುಳ ಮಣ್ಣು ಉದುರಿತು.

“ನೋಡ್ರಿ! ಭಾಗ್ಯಾ ಕುಟ್ಟಿದ್ಲು, ಮಣ್ಣು ಬಿತ್ತು!” ಎಂದು ಹುಚ್ಚೀರಪ್ಪ ತೊಡೆ ತಟ್ಟಿದ.

“ಅದು ನೀಲಗಂಗವ್ವ ಕಾಕೀದು ರಿ! ನಾಕು ಸೆಕೆಂಡ್ ತಡಾ ಅಂತ ಹೇಳಿಲ್ಲೇನ್ರಿ?” ಎಂದು ತಬಸ್ಸುಮ ಕೂಗಿದಳು. ಕೇಳುವವರು ಯಾರು? ಅಣ್ಣ ತಮ್ಮ ಆಗಲೇ ಅಜ್ಜನ ಕಾಲದ ಜಗಳಕ್ಕೆ ಹೋಗಿದ್ದರು.

ನೀಲಗಂಗವ್ವ ಒನಕೆ ಹಿಡಿದೇ ಹೊರಗೆ ಬಂದಳು. ಇಬ್ಬರೂ ತಟ್ಟನೆ ಸುಮ್ಮನಾದರು.

“ಭಾಗ್ಯಾ, ನೀ ಒಂದೀಟು ಸುಮ್ನ ಕುಂಡ್ರವಾ. ನಾ ಮೂರು ಪೆಟ್ಟು ಹಾಕತೇನಿ. ಬಿಟ್ಟು, ಎರಡು ಹಾಕತೇನಿ. ಮಣ್ಣೂ ಹಂಗ ಬಿದ್ರ ನೆಲಾ ನಂದು, ನಾ ಹೇಳಿದ್ದು ಖರೆ. ಬೀಳಲಿಲ್ಲಂದ್ರ ಇನ್ನ ಮ್ಯಾಲೆ ಆ ಮಾತು ಎತ್ತೂದಿಲ್ಲ.”

ಆಕೆಯ ದನಿ ನಡುಗುತ್ತಿತ್ತು. ಮೂರು ವರ್ಷ ಒಲೆ ಹಚ್ಚಿದ್ದು, ರೊಟ್ಟಿ ಬಡಿದದ್ದು, ಬರೀ ಹೆದರಿಕೆಯ ಮೇಲೆ ಕುಳಿತು. ಹುಚ್ಚೀರಪ್ಪ ಮಾತ್ರ ಕುರ್ಚಿಯನ್ನು ಟಿ.ವಿ.ಗೆ ಇನ್ನಷ್ಟು ಹತ್ತಿರ ಎಳೆದುಕೊಂಡ.

ಒಳಗೆ ಹೋದಳು. ಢಬ್, ಢಬ್, ಢಬ್. ತಡೆದಳು. ಢಬ್, ಢಬ್.

ಐದನೆಯ ಪೆಟ್ಟಿನ ಬೆನ್ನಿಗೇ ಮನೆಯೊಳಗೆ ಧಡಾಲ್ ಎಂದು ಸಪ್ಪಳವಾಯಿತು. ಹೆಂಚು ಅದುರಿದವು. ನಾವೆಲ್ಲ ಬಾಗಿಲ ಕಡೆಗೆ ತಿರುಗಿದೆವು. ಹುಚ್ಚೀರಪ್ಪ ತಿರುಗಲಿಲ್ಲ.

“ಬಾಗಲಾ ಬಡಕೊಂಡಿರಬೇಕು. ಟಿವ್ಯಾಗ ಏನೂ ಆಗಿಲ್ಲ!”

ಏನೂ ಆಗಿರಲಿಲ್ಲ, ಖರೆ. ಟಿ.ವಿ.ಯಲ್ಲಿ ಆಗಷ್ಟೇ ಮೊದಲ ಹಿಡಿ ಮಣ್ಣು ಉದುರಿತು. “ಒಂದು,” ಎಂದ. ಇನ್ನೊಂದು ಹಿಡಿ. “ಎರಡು.” ಮತ್ತೊಂದು. “ಮೂರು...” ಅವನ ದನಿ ಇಳಿಯಿತು. ಮಣ್ಣು ನಿಂತಿತು. ಅವನಿಗೆ ಆಗ ತಿಳಿಯಿತೆಂದು ಕಾಣುತ್ತದೆ, ಕುರ್ಚಿ ಕೆಡವಿ ಎದ್ದ. ನಾಲ್ಕು. ಐದು. ಆಮೇಲೆ ಟಿ.ವಿ.ಯ ಮೇಲ್ಭಾಗವೆಲ್ಲ ಒಮ್ಮೆಲೇ ಬಿರಿದು ಬೆಳಕು ನುಗ್ಗಿತು, ಅವನು ಆರಿಸಿ ತಂದ ಟೈಲ್ಸ್ ಬಿದ್ದವು, ಒಳಕಲ್ಲು ಬಿತ್ತು.

“ನೀಲಾ! ಸರೀ! ಹಿಂದಕ ಸರಿಯಲೇ, ಬೀಳ್ತೀ!” ಎಂದು ಹುಚ್ಚೀರಪ್ಪ ಎರಡೂ ಕೈಯಿಂದ ಟಿ.ವಿ.ಯನ್ನು ಹಿಡಿದು ಕಿರುಚಿದ. ಅಂಥ ದನಿ ಅವನ ಗಂಟಲಲ್ಲಿ ಇದೆಯೆಂದು ನನಗೆ ಗೊತ್ತಿರಲಿಲ್ಲ.

“ಸರದೇನಿ ರಿ,” ಎಂದಳು ನೀಲಗಂಗವ್ವ.

ಅವನ ಬೆನ್ನ ಹಿಂದೆಯೇ ನಿಂತಿದ್ದಳು, ತಲೆಯಿಂದ ಕಾಲ ತನಕ ಮಣ್ಣಾಗಿ, ಕೈಯಲ್ಲಿ ಒನಕೆ. ಒಂದು ಕಾಲನ್ನು ಹೊಸ್ತಿಲ ಮೇಲೇ ಇಟ್ಟುಕೊಂಡು ಕುಟ್ಟಿದ್ದಳಂತೆ. ಹುಚ್ಚೀರಪ್ಪ ಆಕೆಯನ್ನು ನೋಡಿದ, ಟಿ.ವಿ. ನೋಡಿದ, ಮತ್ತೆ ಆಕೆಯನ್ನು ನೋಡಿದ. ಟಿ.ವಿ.ಯಲ್ಲಿ ಈಗ ರೊಟ್ಟಿ ಬುಟ್ಟಿ ಉರುಳಿ, ಖಡಕ್ ರೊಟ್ಟಿಗಳು ಒಂದೊಂದಾಗಿ ಇಳಿದು ಬರುತ್ತಿದ್ದವು. ಕೊನೆಯ ರೊಟ್ಟಿ ಕ್ಯಾಮರಾದ ಮೇಲೆಯೇ ಕುಳಿತು ಪರದೆ ಕತ್ತಲಾಯಿತು.

“ಟಿವಿ ನಾಕು ಸೆಕೆಂಡ್ ತಡಾ,” ಎಂದಳು ಆಕೆ ಸೆರಗು ಝಾಡಿಸುತ್ತ. “ನೀವು ಮೂರು ವರ್ಷ ತಡಾ.”

ಯಾರೂ ನಗಲಿಲ್ಲ. ಹುಚ್ಚೀರಪ್ಪ ಕಟ್ಟೆಯ ಮೇಲೆ ಕುಳಿತು ಅಂಗವಸ್ತ್ರದಿಂದ ಮುಖ ಮುಚ್ಚಿಕೊಂಡ. ಭಾಗ್ಯಾ ನೀರು ತಂದು ನೀಲಗಂಗವ್ವನ ಕೈಗೆ ಕೊಟ್ಟು, “ನಡೀರಿ ಅಕ್ಕಾರ, ಇವತ್ತಿನ ಅಡಗಿ ನಮ್ಮನ್ಯಾಗ,” ಎಂದಳು. ಗಾಡಿಯನ್ನು ಹಗ್ಗದಿಂದ ಮೇಲೆಳೆದಾಗ ಆ ರೊಟ್ಟಿ ಇನ್ನೂ ಅದರ ತಲೆಯ ಮೇಲಿತ್ತು, ಮುರಿದಿರಲಿಲ್ಲ. ಹಗೇವನ್ನು ತುಂಬಲು ಅಣ್ಣ ತಮ್ಮ ಇಬ್ಬರೂ ಸೇರಿ ಒಂಬತ್ತು ಟ್ರ್ಯಾಕ್ಟರ್ ಮಣ್ಣು ಹಾಕಿದರು.

ತಿಂಗಳು ಕಳೆದ ಮೇಲೆ ಹುಚ್ಚೀರಪ್ಪ ಟಿ.ವಿ.ಯನ್ನು ಚಾದರದಲ್ಲಿ ಸುತ್ತಿಕೊಂಡು ನನ್ನ ಅಂಗಡಿಗೆ ಬಂದ.

“ಏನಾಗೇತಿ?”

“ಆಗಿದ್ದೇನಿಲ್ರಿ.” ಅತ್ತ ಇತ್ತ ನೋಡಿ ದನಿ ತಗ್ಗಿಸಿದ. “ಇದನ್ನ ನಾಕು ಸೆಕೆಂಡ್ ಮುಂದ ಮಾಡಾಕ ಬರತೈತೇನ್ರಿ? ಆಕಿ ಬೀಳೂಕಿಂತ ಮೊದಲ ಗೊತ್ತಾಗಬೇಕು.”

ಬೈಯಬೇಕೆಂದು ಬಾಯಿ ತೆರೆದೆ. ಅವನ ಮುಖ ನೋಡಿದರೆ ಚೇಷ್ಟೆ ಇರಲಿಲ್ಲ.

“ಅದಕ್ಕ ಟಿವಿ ಬ್ಯಾಡೋ ಮಾರಾಯಾ,” ಎಂದೆ. “ಕಿವಿ ಸಾಕು.”

ಅವನು ಟಿ.ವಿ.ಗೆ ಚಾದರವನ್ನು ಮತ್ತೆ ಸುತ್ತಿದ. ಆಮೇಲೆ ಜೇಬಿನಿಂದ ಫೋನು ತೆಗೆದು ಮನೆಗೆ ಹಚ್ಚಿದ. “ನೀಲಾ, ಅಲ್ಲಿ ಮೋಡ ಆಗೇತೇನು?... ಮಳಿ ಬರೂಹಂಗ ಐತಾ?... ಆತು, ನೀ ಅಂದ ಮ್ಯಾಲೆ ಮುಗೀತು. ಮೆಣಸಿನಕಾಯಿ ತಗದಬಿಡು.”

ನನ್ನ ಗೋಡೆಯ ಮೇಲಿನ ಮೂರೂ ಟಿ.ವಿ.ಗಳು ಆ ಹೊತ್ತಿಗೆ ಇವತ್ತು ಒಣಹವೆ ಅನ್ನುತ್ತಿದ್ದವು. ಹುಚ್ಚೀರಪ್ಪ ಅತ್ತ ಕಣ್ಣೆತ್ತಿಯೂ ನೋಡಲಿಲ್ಲ.