ಪಕ್ಕದ ಸೀಟಿನ ಕಾರ್ಪೆಟ್ಟು

ಅಣ್ಣನಿಗೆ ಅಪ್ಪನಿಂದ ಬಂದದ್ದು ಎರಡೇ: ಒಂದು ಹಳೆಯ ಕಾರು, ಇನ್ನೊಂದು ತನಗೆ ಗೊತ್ತಿಲ್ಲದ ವಿಷಯ ಲೋಕದಲ್ಲೇ ಇಲ್ಲ ಎಂಬ ನಂಬಿಕೆ. ಕಾರಿಗೆ ಅಲ್ಲಲ್ಲಿ ತುಕ್ಕು ಹಿಡಿದಿತ್ತು. ನಂಬಿಕೆ ಹೊಚ್ಚ ಹೊಸದಾಗಿಯೇ ಇತ್ತು.

ಹಳೆ ಕಾರುಗಳ ಕ್ಲಬ್ಬಿನವರು ಮೆರವಣಿಗೆ ಇಟ್ಟುಕೊಂಡಿದ್ದರು. ಮೊದಲು ಕೊಂಡವರ ಮನೆಯಲ್ಲೇ ಉಳಿದ ಕಾರಿಗೆ ಬೇರೆ ಬಹುಮಾನ ಇದೆ, ಕೊಂಡವರ ಹೆಂಡತಿಯೇ ಬಂದು ಕೂತರಂತೂ ಕೇಳುವುದೇ ಬೇಡ ಎಂದು ಕ್ಲಬ್ಬಿನ ಕಾರ್ಯದರ್ಶಿ ಅಣ್ಣನ ಕಿವಿಗೆ ಹಾಕಿದ್ದ. ಅಂದಿನಿಂದ ಅಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಪ್ಪ ಕಾರು ಓಡಿಸುತ್ತಿದ್ದ ಸೊಗಸಿನ ಬಗ್ಗೆ ಒಂದು ಭಾಷಣ ಬರೆದು ಬಾಯಿಪಾಠ ಮಾಡಿಕೊಂಡ. "ನಮ್ಮ ತಂದೆಯವರ ಕೈಯಲ್ಲಿ ಈ ಕಾರು ಓಡುತ್ತಿರಲಿಲ್ಲ, ತೇಲುತ್ತಿತ್ತು" ಎಂಬುದು ಅದರ ಮೊದಲ ಸಾಲು. ಬಂದವರಿಗೆಲ್ಲ ಒಪ್ಪಿಸುತ್ತಿದ್ದ. ಗ್ಯಾಸ್ ಸಿಲಿಂಡರ್ ತಂದವನನ್ನೂ ಬಿಡಲಿಲ್ಲ.

ಅಮ್ಮ ಮಾತ್ರ ಕಾರು ಹತ್ತಲು ಒಪ್ಪುತ್ತಿರಲಿಲ್ಲ. ಒಂದು ದಿನ ಮಂಡಿನೋವು, ಇನ್ನೊಂದು ದಿನ ತಲೆಸುತ್ತು, ಮತ್ತೊಂದು ದಿನ ಪೆಟ್ರೋಲಿನ ವಾಸನೆ ಆಗುವುದಿಲ್ಲ. ಅಪ್ಪ ಹೋದ ಮೇಲೆ ಅವಳು ನನ್ನ ಮನೆಯಲ್ಲೇ ಇರುವುದರಿಂದ ಅವಳನ್ನು ಒಪ್ಪಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. ನಾನೂ ರೇಗಿದೆ.

"ಅರ್ಧ ಗಂಟೆ ಮುಂದಿನ ಸೀಟಲ್ಲಿ ಕೂತ್ರೆ ನಿನ್ನ ಗಂಟೇನಮ್ಮ ಹೋಗುತ್ತೆ?"

ಅಮ್ಮ ಬಟಾಣಿ ಬಿಡಿಸುತ್ತಿದ್ದಳು. "ಅವನೇ ಓಡಿಸ್ತಾನಾ?" ಎಂದು ಕೇಳಿದಳು.

"ಇನ್ಯಾರು ಓಡಿಸ್ತಾರೆ?"

ಅಮ್ಮನ ಮಂಡಿನೋವು ವಾಪಸು ಬಂತು.

ಅದೇ ವಾರ ಅಣ್ಣನ ಮನೆಗೆ ಹೋದರೆ, ಅವನು ಕಾರಿನ ಕಾರ್ಪೆಟ್ಟನ್ನೆಲ್ಲ ಕಿತ್ತು ಅಂಗಳದಲ್ಲಿ ಹಾಸಿ, ಲಾರಿ ತೊಳೆಯುವ ಪ್ರೆಶರ್ ಪಂಪು ಹಿಡಿದು ನಿಂತಿದ್ದಾನೆ. ಕಾಲಿಗೆ ಗಂಬೂಟು ಬೇರೆ. ಆ ಕಾರ್ಪೆಟ್ಟೋ, ಮೇಲೆ ಉಣ್ಣೆ, ಅಡಿಯಲ್ಲಿ ಗೋಣಿಬಟ್ಟೆ, ನಡುವೆ ಮುಟ್ಟಿದರೆ ಪುಡಿಯಾಗುವ ಅಂಟು. ನೀರು ಕುಡಿದರೆ ಗೋಣಿ ಕುಗ್ಗುತ್ತದೆ, ಬಣ್ಣ ಬಿಡುತ್ತದೆ, ಕೊನೆಗೆ ಕೈಗೆ ಸಿಗುವುದು ಬರೀ ಚಿಂದಿ.

"ಏನ್ ಮಾಡ್ತಿದ್ದೀಯ?" ಎಂದೆ.

"ಕಾಣಲ್ವಾ? ಕಾರ್ಪೆಟ್ ತೊಳೀತಿದ್ದೀನಿ."

"ಎಮ್ಮೆ ತೊಳೀತಿದ್ದೀಯ ಅಂದ್ಕೊಂಡೆ."

ನಾನು ಒಂದು ನಾಟಕ ಕಂಪನಿಯ ಉಡುಪುಗಳನ್ನು ನೋಡಿಕೊಳ್ಳುವವಳು. ಅವನ್ನು ಹೇರಿಕೊಂಡು ವ್ಯಾನು ಓಡಿಸುವವಳೂ ನಾನೇ. ರಾಜಮಹಾರಾಜರ ಮಖಮಲ್ಲಿನಿಂದ ಬೆವರು ತೆಗೆದು ತೆಗೆದು ಕೈ ಪಳಗಿದೆ. ನೀರು ಚಿಮ್ಮುವ ಮೊದಲೇ ಪಂಪಿನ ಸ್ವಿಚ್ಚು ಆರಿಸಿ, ಕಾರ್ಪೆಟ್ಟಿನ ತುಂಡುಗಳನ್ನು ಒಂದೊಂದಾಗಿ ಹಲಗೆಯ ಮೇಲೆ ಜಾರಿಸಿಕೊಂಡು ಮನೆಗೆ ತಂದೆ. ಅಣ್ಣ ಗಂಬೂಟಿನಲ್ಲೇ ಗೇಟಿನವರೆಗೆ ಬಂದು, ಹುಷಾರಾಗಿ ಮಾಡಬೇಕೆಂದು ನನಗೆ ಬುದ್ಧಿ ಹೇಳಿದ.

ಊಟದ ಮೇಜೇ ಕೆಲಸದ ಮೇಜಾಯಿತು. ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿ, ಕಾರ್ಪೆಟ್ಟಿಗೆ ತಾಗಿಸದೆ ಮೇಲೆ ಮೇಲೆ ಆಡಿಸಿದೆ. ಆಮೇಲೆ ಮೆತ್ತನೆ ಬ್ರಷ್ಷಿನಿಂದ ಉಣ್ಣೆ ಮಲಗಿದ ದಿಕ್ಕಿಗೇ ಸವರಿದೆ. ಚೆನ್ನಾಗಿ ಹಿಂಡಿದ ಬಿಳಿ ಬಟ್ಟೆಯನ್ನು ಒತ್ತಿ ಒತ್ತಿ ತೆಗೆದೆ, ಒಂದು ಸಲವೂ ತಿಕ್ಕಲಿಲ್ಲ. ಬಟ್ಟೆ ಚಹಾದ ಬಣ್ಣಕ್ಕೆ ತಿರುಗಿತು, ಕಾರ್ಪೆಟ್ಟಿನ ಹಳೆಯ ಕೆಂಪು ಮೆಲ್ಲಗೆ ಮೇಲೆ ಬಂತು. ಅಮ್ಮ ಎದುರು ಕುರ್ಚಿಯಲ್ಲಿ ಕೂತು, ಟೀವಿಯನ್ನೂ ಹಾಕದೆ, ನನ್ನ ಕೈಯನ್ನೇ ನೋಡುತ್ತಿದ್ದಳು.

ಡ್ರೈವರ್ ಕಡೆಯ ತುಂಡಿನ ಮೇಲೆ ರಬ್ಬರ್ ಮ್ಯಾಟು ಇತ್ತಾದ್ದರಿಂದ ಅದು ಹೊಸದರಂತೆಯೇ ಇತ್ತು. ಪಕ್ಕದ ಸೀಟಿನ ತುಂಡು ಮಾತ್ರ ವಿಚಿತ್ರವಾಗಿತ್ತು. ಹತ್ತಿ ಇಳಿದು ಸವೆದಿದ್ದರೆ ಬಾಗಿಲ ಅಂಚು ಸವೆಯಬೇಕು. ಇದು ಒಳಗೆ, ಕಾಲು ಚಾಚಿದರೆ ಮುಟ್ಟುವ ಕಡೆ, ಒಂದೇ ಒಂದು ಪಾದದಷ್ಟು ಜಾಗದಲ್ಲಿ ಸವೆದಿತ್ತು. ಹಿಮ್ಮಡಿ ಇರುವಲ್ಲಿ ಉಣ್ಣೆಯೂ ಇಲ್ಲ, ಗೋಣಿಯೂ ಇಲ್ಲ, ನನ್ನ ಬೆರಳು ಆಚೆಗೆ ಬಂತು. ಪಕ್ಕದಲ್ಲಿ ಎಡಗಾಲಿನ ಜಾಗಕ್ಕೆ ಏನೂ ಆಗಿರಲಿಲ್ಲ.

ಸಂಜೆ ಅಣ್ಣ ತಪಾಸಣೆಗೆ ಬಂದ. ತೂತು ನೋಡಿದವನೇ, "ಮೆಕ್ಯಾನಿಕ್ ಅದಲುಬದಲು ಮಾಡಿದ್ದಾನೆ. ಇದು ಡ್ರೈವರ್ ಕಡೇದು" ಎಂದ.

"ಪೆಡಲ್‌ಗೆ ಜಾಗ ಎಲ್ಲಿ ಬಿಟ್ಟಿದ್ದಾರೆ ಇದ್ರಲ್ಲಿ? ತೋರಿಸು."

"ಹಾಗಾದ್ರೆ ಇಲಿ ಕಡಿದಿದೆ."

"ಹೌದೌದು. ಬಲಗಾಲಿನ ಅಳತೆ ತಗೊಂಡು ಕಡಿದಿದೆ."

"ನಿನ್ನ ಹತ್ರ ವಾದ ಮಾಡೋಕೆ ನಂಗೆ ಪುರುಸೊತ್ತಿಲ್ಲ. ಸೀಟಿನ ಅಡಿಯಿಂದ ಒಂದು ತುಂಡು ಕತ್ತರಿಸಿ ತೇಪೆ ಹಾಕು."

ನಾನು ಕತ್ತರಿ ತೆಗೆದುಕೊಂಡೆ. ಅಮ್ಮ ಎದ್ದು ಬಂದು ಆ ತೂತಿನ ಮೇಲೆ ಅಂಗೈ ಇಟ್ಟಳು.

"ತೇಪೆ ಬೇಡ. ಅದು ನನ್ನ ಕಾಲು."

ಅಣ್ಣ ನನ್ನ ಮುಖ ನೋಡಿದ. ನಾನು ಅಮ್ಮನ ಮುಖ ನೋಡಿದೆ.

"ನಿಮ್ಮಪ್ಪ ತಿರುವಲ್ಲೇ ಓವರ್‌ಟೇಕ್ ಮಾಡೋರು. ಒಂದು ಕೈಯಲ್ಲಿ ಸ್ಟೀರಿಂಗು, ಇನ್ನೊಂದ್ರಲ್ಲಿ ಸಿಗರೇಟು. ಹಿಂದೆ ನೀವಿಬ್ರೂ 'ಇನ್ನೂ ಜೋರು, ಇನ್ನೂ ಜೋರು' ಅಂತ ಕುಣೀತಿದ್ರಿ. ನಾನು ಇಲ್ಲಿ ಬ್ರೇಕ್ ಒತ್ತುತಿದ್ದೆ."

"ಹೇಳಬಾರದಿತ್ತಾ?" ಎಂದ ಅಣ್ಣ.

"ಹೇಳ್ತಿದ್ದೆ. ಹೇಳಿದ್ರೆ ಇನ್ನೂ ಜೋರಾಗಿ ಹೋಗೋರು."

ಅಣ್ಣ ಗಡ್ಡ ಕೆರೆದುಕೊಂಡ. ಆಮೇಲೆ, "ಆದ್ರೂ ಅಪ್ಪನ ಕೈ ಪಳಗಿತ್ತಮ್ಮ. ಒಂದ್ಸಲಾನೂ ಏನೂ ಆಗಲಿಲ್ವಲ್ಲ" ಎಂದ. ಅಷ್ಟು ದಪ್ಪದ ಉಣ್ಣೆ ಸವೆದು ತೂತಾಗಿ ಎದುರಿಗೆ ಬಿದ್ದಿದೆ, ಈ ಮಹಾನುಭಾವನಿಗೆ ಏನೂ ಆಗಿಲ್ಲ. ನನಗೆ ಅವನ ಮೇಲೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ಅಪ್ಪನ ಮೇಲೆ ಬಂತು, ಅವನು ಇನ್ನು ಬೈಸಿಕೊಳ್ಳಲು ಸಿಗುವುದಿಲ್ಲ ಎಂದು ಇನ್ನಷ್ಟು ಬಂತು.

"ಮೆರವಣಿಗೆಗೆ ಬರ್ತೀನಿ" ಎಂದಳು ಅಮ್ಮ. "ಇವಳು ಓಡಿಸಬೇಕು. ನಾನು ಹಿಂದೆ ಕೂತ್ಕೋತೀನಿ."

"ಮತ್ತೆ ನಾನು?"

"ಒಂದು ಸೀಟು ಖಾಲಿ ಇದೆಯಲ್ಲ."

ಅಣ್ಣ ಹಾರಾಡಿದ, ಕೂಗಾಡಿದ, ಅಪ್ಪನ ಆತ್ಮಕ್ಕೆ ನೋವಾಗುತ್ತದೆ ಎಂದ. ಅಮ್ಮ ಇಲ್ಲದಿದ್ದರೆ ಬಹುಮಾನವೂ ಇಲ್ಲ ಎಂಬುದು ನೆನಪಾಗಿ ತೆಪ್ಪಗಾದ. ನಾನು ತೂತಿಗೆ ತೇಪೆ ಹಾಕಲಿಲ್ಲ. ಅಂಚು ಬಿಚ್ಚಿಕೊಳ್ಳದಂತೆ ಸುತ್ತ ಸಣ್ಣ ಹೊಲಿಗೆ ಹಾಕಿ, ನೆರಳಲ್ಲಿ ಒಣಗಿಸಿ, ಇದ್ದಲ್ಲೇ ಕೂರಿಸಿದೆ.

ಮೆರವಣಿಗೆಯ ದಿನ ಅಣ್ಣ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ಭಾಷಣದ ಕಾಗದ ಹಿಡಿದು ನನ್ನ ಪಕ್ಕ ಕೂತ. ಅಮ್ಮ ಹಿಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡು ಪೆಪ್ಪರಮೆಂಟು ಚೀಪುತ್ತಿದ್ದಳು. ಹೊರಟಾಗಿನಿಂದ ಅಣ್ಣನ ಉಪದೇಶ ನಿಲ್ಲಲಿಲ್ಲ: ಗೇರು ಬದಲಿಸು, ಹಾರ್ನ್ ಮಾಡು, ಆ ಸೈಕಲ್ ನೋಡು. ನಾನು ಓಡಿಸುತ್ತಿದ್ದದ್ದು ಪಕ್ಕದಲ್ಲಿ ನಡೆಯುವವರೂ ನಮ್ಮನ್ನು ದಾಟಿ ಹೋಗುವಷ್ಟು ನಿಧಾನವಾಗಿ.

ಗಡಿಯಾರದ ಗೋಪುರದ ಹತ್ತಿರ ರಸ್ತೆ ಇಳಿಜಾರು. ಮುಂದಿನ ಕಾರು ನಿಂತಿತು. ನಾನು ಬ್ರೇಕಿನ ಮೇಲೆ ಕಾಲಿಟ್ಟೆ. ಹಳೆಯ ಬ್ರೇಕು, ಹಿಡಿಯಲು ಒಂದು ಚೂರು ಹೊತ್ತು ಬೇಕು. ಅಷ್ಟರಲ್ಲೇ ಪಕ್ಕದಿಂದ ಧಪ್ ಎಂದಿತು. ಅಣ್ಣನ ಬಲಗಾಲು ನೇರ ಆ ತೂತಿಗೆ ಹೋಗಿ ಕೂತಿತ್ತು. ಮಂಡಿ ನಡುಗುವಂತೆ ಒತ್ತುತ್ತಿದ್ದ. ಭಾಷಣದ ಕಾಗದ ಅವನ ಮುಷ್ಟಿಯಲ್ಲಿ ಮುದ್ದೆಯಾಗಿತ್ತು.

ಅಮ್ಮ ಮುಂದಕ್ಕೆ ಬಾಗಿ ಅವನ ಹೆಗಲ ಮೇಲೆ ಕೈಯಿಟ್ಟಳು.

"ಎಷ್ಟು ಒತ್ತಿದ್ರೂ ನಿಲ್ಲಲ್ಲ ಕಣೋ" ಎಂದಳು. "ನಾನು ಒತ್ತಿ ನೋಡಿದೀನಿ."

ಕಾರು ನಿಂತಿತ್ತು. ಅಣ್ಣ ಇನ್ನೂ ಕಾಲು ತೆಗೆದಿರಲಿಲ್ಲ.