ಮುಚ್ಚಿಟ್ಟ ಅಂಚು

ಕಮಲಾಕ್ಷಮ್ಮ ಸೀರೆಯನ್ನು ತಿರುವಿ ಹಾಕಿ, ಅಂಚಿನ ಹಿಂಬದಿಯನ್ನು ಉಗುರಿನಿಂದ ಕೆರೆದು ನೋಡುವುದನ್ನು ಮಗಳು ತೇಜಶ್ರೀ ನೋಡುತ್ತ ನಿಂತಿದ್ದಳು. ಚಳ್ಳಕೆರೆಯ ಪ್ರಭುವಿನ ಅಂಗಡಿಯಿಂದ ತಂದ ಪವರ್‌ಲೂಮ್ ಸೀರೆ. ಅದರ ಅಂಚಿನಲ್ಲಿ ಓಡುತ್ತಿದ್ದ ಜಿಂಕೆಗಳು ಮಾತ್ರ ಕಮಲಾಕ್ಷಮ್ಮ ನಾಲ್ಕು ತಿಂಗಳು ಗ್ರಾಫ್ ಹಾಳೆಯ ಮೇಲೆ ಚುಕ್ಕಿಯಿಟ್ಟು ಕೂಡಿಸಿದವು. ಪಕ್ಕದಲ್ಲಿ ಕೈಮಗ್ಗ ಸ್ಪರ್ಧೆಯ ಸಮಿತಿಯ ಪತ್ರವಿತ್ತು: ನಿಮ್ಮ ಸೀರೆ ಮಾರುಕಟ್ಟೆಯಲ್ಲಿರುವ ವಿನ್ಯಾಸದ ನಕಲು, ತಿರಸ್ಕರಿಸಲಾಗಿದೆ.

“ನಿನ್ ಭಾವ ಪ್ರಭುನ ಪವರ್‌ಲೂಮಾಗೇ ಅಲ್ವೇನೋ ಇರೋದು?” ಕಮಲಾಕ್ಷಮ್ಮ ಮಗ್ಗದ ಕಡೆ ತಿರುಗಿ ಕೇಳಿದಳು.

ಹನ್ನೆರಡು ವರ್ಷಗಳಿಂದ ಅವಳ ಮಗ್ಗದ ಆ ಬದಿಯಲ್ಲಿ ಕೂಲಿಗೆ ಕುಳಿತು ಅಂಚಿನ ಲಾಳಿ ಎಸೆಯುತ್ತಿದ್ದ ಜುಂಜಣ್ಣ ತಲೆಯೆತ್ತಿದ. “ಅವ್ನ ಮುಖ ನೋಡಿ ಎರಡು ವರ್ಷಾತು ಅಕ್ಕ. ಅವ್ನ ಮಗಳ ಮದ್ವಿಗೂ ರಜಾ ಕೊಡ್ಲಿಲ್ಲ ನೀವು.”

“ಯಾರೇ ಬಂದ್ರೂ ಮಗ್ಗಕ್ಕೆ ಬಟ್ಟೆ ಹೊದಿಸ್ತಿದ್ದೆ. ಕಂಡೋರು ಮೂರೇ ಜನ. ನಾನಾ ಮಾರ್ಕೊಂಡೆ? ನನ್ ಮಗಳಾ?”

ಬಿ.ಎಸ್ಸಿ. ಓದಿದ್ದ ತೇಜಶ್ರೀಗೆ ಎಲ್ಲವೂ ಕ್ರಮವಾಗಿ ನೆನಪಿತ್ತು. ಸ್ಪರ್ಧೆಗೆ ಸೀರೆಯ ಫೋಟೋ ಕಳಿಸುವ ಕಡೆಯ ದಿನ, ರೇಷ್ಮೆ ತರಲು ಹೋಗಿದ್ದ ಪ್ರಭುವಿನ ಅಂಗಡಿಯಲ್ಲೇ, ಪಾಸ್‌ವರ್ಡ್ ಕೇಳದ ಅವನ ವೈಫೈಯಿಂದ ಸಮಿತಿಯ ವೆಬ್‌ಸೈಟ್ ತೆರೆದಿದ್ದಳು. ಬ್ರೌಸರ್ ತನ್ನ ನಿಯಮದಂತೆ ಸರ್ವರನ್ನು ಮೊದಲು ಕೇಳಿತ್ತು: ನಮ್ಮಿಬ್ಬರಿಗೆ ಮಾತ್ರ ತಿಳಿಯುವ ಗುಪ್ತಲಿಪಿಯಲ್ಲಿ ವ್ಯವಹರಿಸೋಣವೇ? ಆ ಕೋರಿಕೆಗೆ ಸರ್ವರ್ ಉತ್ತರಿಸಲಿಲ್ಲ. ಸಂಪರ್ಕ ಸುರಕ್ಷಿತವಲ್ಲ, ಮುಂದುವರಿಯುವಿರಾ ಎಂದು ಬ್ರೌಸರ್ ಆಗ ಅವಳನ್ನೇ ಕೇಳಿತು. ಊರಿಗೆ ಮರಳುವ ಮೊಳಕಾಲ್ಮೂರಿನ ಬಸ್ಸಿಗೆ ಹತ್ತು ನಿಮಿಷವಿತ್ತು. ಅವಳು ‘ಮುಂದುವರಿಯಿರಿ’ ಒತ್ತಿದಳು. ಜಿಂಕೆಗಳು ಲಕೋಟೆಯಿಲ್ಲದ ಕಾಗದದಂತೆ ಆ ವೈಫೈ ದಾಟಿ ಹೋದವು.

“ಅವ್ವ, ಜುಂಜಣ್ಣ ಅಲ್ಲ. ನಾನೇ. ಪ್ರಭು ಅಂಗ್ಡಿ ವೈಫೈನಾಗೆ ಫೋಟೋ ಕಳಿಸ್ದೆ. ಅಲ್ಲಿ ಕುಂತೋರು ಕದ್ದು ನೋಡೋಕೆ ದಾರಿ ಐತೆ.”

“ಗಾಳ್ಯಾಗೆ ಹೋಗೋದ್ನ ಹಿಡ್ಕೊಂತಾರಾ?” ಕಮಲಾಕ್ಷಮ್ಮ ಸೀರೆಯನ್ನು ಮಡಚತೊಡಗಿದಳು. “ಕೂಲಿಯವನ್ನ ಉಳಿಸೋಕೆ ಓದಿದ್ ಬುದ್ಧಿ ಖರ್ಚು ಮಾಡ್ಬ್ಯಾಡ.”

ತೇಜಶ್ರೀ ಮತ್ತೊಮ್ಮೆ, ಇನ್ನೂ ಸರಳವಾಗಿ ವಿವರಿಸಲು ಹೊರಟಳು. ಜುಂಜಣ್ಣ ಕೈಯೆತ್ತಿ ತಡೆದ.

“ಬಿಡವ್ವ. ಕೇಳೋ ಮನ್ಸಿದ್ರೆ ಇಷ್ಟೇ ಸಾಕಾಗ್ತಿತ್ತು.”

ಮಗ್ಗದ ಹಾಸಿನಲ್ಲಿ ತುಂಡಾಗಿದ್ದ ಎರಡು ಎಳೆಗಳನ್ನು ಗಂಟು ಹಾಕಿ, ಟವೆಲ್ ಕೊಡವಿ ಹೆಗಲಿಗೇರಿಸಿಕೊಂಡು ಅವನು ಹೊರಟ.

ಮಧ್ಯಾಹ್ನ ಕಮಲಾಕ್ಷಮ್ಮ ಮಗ್ಗಕ್ಕೆ ಕುಳಿತು ನಡುವಿನ ಲಾಳಿ ಎಸೆದಳು. “ನಾನ್ ಕುಂದರ್ತೀನವ್ವ” ಎಂದ ಮಗಳ ಕಡೆ ತಿರುಗಿಯೂ ನೋಡಲಿಲ್ಲ. ಮಂಡಿ ಹಿಡಿದು ಎದ್ದು, ಮಗ್ಗವನ್ನು ಸುತ್ತಿ ಹೋಗಿ, ಜುಂಜಣ್ಣ ಕೂರುತ್ತಿದ್ದ ಬದಿಯಿಂದ ಅಂಚಿನ ಲಾಳಿ ಎಸೆದಳು. ಮರಳಿ ಬಂದು ಕುಳಿತಳು. ಅಷ್ಟಕ್ಕೆ ನೇಯ್ಗೆಗೆ ಒಂದು ಎಳೆ ಕೂಡಿತ್ತು.